ಗಲ್ಲಾಬ್ ಕಟಿಂಗ್ ಶಾಪ್

ನಮ್ಮ ಬೀದಿಯ ಕ್ಷೌರಿಕ ಮಾತಾಡುತ್ತಿರಲಿಲ್ಲ. ಮೂಗನೆಂದು ತಿಳಿಯಬೇಡಿ, ನಾಲಿಗೆ, ಗಂಟಲು ಎಲ್ಲ ನೆಟ್ಟಗೇ ಇದ್ದವು. ಕುರ್ಚಿಯಲ್ಲಿ ಕೂತವರನ್ನು "ಕಟಿಂಗಾ, ಶೇವಿಂಗಾ?" ಎಂದು ಕೇಳುವಷ್ಟು ಮಾತು ಬರುತ್ತಿತ್ತು. ಕೆಲಸ ಮುಗಿದ ಮೇಲೆ ಕತ್ತಿನ ಹಿಂದೆ ಸಣ್ಣ ಕನ್ನಡಿ ಹಿಡಿದು "ನೋಡಿ" ಎನ್ನುವಷ್ಟು ಬರುತ್ತಿತ್ತು. ನಡುವೆ ಕತ್ತರಿಯದ್ದೇ ಮಾತು. ಬೀದಿಯ ಜನ ಅವನಿಗೆ ಸುಮ್ಮಣ್ಣ ಎಂದು ಹೆಸರಿಟ್ಟಿದ್ದರು.

ಬೇರೆ ಕಟಿಂಗ್ ಶಾಪುಗಳಲ್ಲಿ ಸರ್ಕಾರ ಬೀಳುತ್ತದೆ, ಯಾರದೋ ಮದುವೆ ಮುರಿಯುತ್ತದೆ, ಸತ್ತವರ ಕಾಯಿಲೆಗೆ ಔಷಧಿ ಸಿಗುತ್ತದೆ. ಸುಮ್ಮಣ್ಣನ ಅಂಗಡಿಯಲ್ಲಿ ಇದ್ಯಾವುದೂ ಇರಲಿಲ್ಲ. ಅದಕ್ಕೇ ಜನ ಬರುತ್ತಿದ್ದರು. ಮನೆಯಲ್ಲಿ ಒಬ್ಬರ ಬಾಯಿ, ಆಫೀಸಿನಲ್ಲಿ ಇನ್ನೊಬ್ಬರ ಬಾಯಿ ಕೇಳಿ ಕೇಳಿ ಸುಸ್ತಾದ ಗಂಡಸರಿಗೆ ಆ ಕುರ್ಚಿ ಸ್ವರ್ಗ. ತಲೆ ಹಿಂದಕ್ಕೆ ಒರಗಿಸಿ, ಮುಖದ ಮೇಲೆ ಬಿಸಿನೀರಿನ ಟವೆಲು ಬಿದ್ದದ್ದೇ ತಡ, ಗೊರಕೆ. ನಮ್ಮ ಬೀದಿಯ ಅಂಚೆಯಣ್ಣನಂತೂ ಗಡ್ಡ ಬೆಳೆಯದಿದ್ದರೂ ಶೇವಿಂಗಿಗೆ ಬರುತ್ತಿದ್ದ. ಅವನ ಬಲಗೆನ್ನೆ ಮುಗಿಸಿ ಎಡಗೆನ್ನೆಗೆ ಬರುವಾಗ ಸುಮ್ಮಣ್ಣ ಅವನ ತಲೆಯನ್ನು ತೊಟ್ಟಿಲಿನ ಮಗುವಿನದ್ದೆಂಬಂತೆ ಎಬ್ಬಿಸದೆ ಹೊರಳಿಸುತ್ತಿದ್ದ.

ಅಂಗಡಿಯ ನಡುವೆ ಒಂದು ಪ್ಲೈವುಡ್ ಗೋಡೆ. ಗೋಡೆಯ ಆಚೆ ಹೊಲಿಗೆ ಮಿಷನ್ನು, ಮಿಷನ್ನಿನ ಹಿಂದೆ ಸುಮ್ಮಣ್ಣನ ಹೆಂಡತಿ. ಅವನು ಅಣ್ಣನಾದ ಮೇಲೆ ಅವಳು ನಮಗೆಲ್ಲ ಅತ್ತಿಗೆ. ದೇವರು ಈ ಗಂಡ ಹೆಂಡತಿಗೆ ಇಬ್ಬರಿಗಾಗುವಷ್ಟು ಮಾತು ಕೊಟ್ಟು, ಹಂಚುವ ಕೆಲಸ ಅತ್ತಿಗೆಗೇ ಬಿಟ್ಟಿದ್ದ. ಅವಳು ಅದನ್ನು ಹಂಚಿರಲಿಲ್ಲ.

ಇಂಥ ಸುಮ್ಮಣ್ಣನಿಗೆ ಮಾತು ಬಂದದ್ದು ಚರ್ಚಿನಿಂದ.

ಆ ವರ್ಷ ಹೊಸದಾಗಿ ಬಂದ ಪಾದ್ರಿಗಳಿಗೆ ಒಂದು ಹುಮ್ಮಸ್ಸು. ಒಂದು ಭಾನುವಾರ ದುಡಿಯುವವರೆಲ್ಲ ತಮ್ಮ ತಮ್ಮ ಹತಾರ ಹಿಡಿದು ಬರಬೇಕು, ಒಬ್ಬೊಬ್ಬರ ಕಸುಬಿಗೂ ಬೈಬಲ್ಲಿನಿಂದ ಒಬ್ಬ ಹಿರಿಯನನ್ನು ಹೆಸರಿಸಿ ಆಶೀರ್ವಾದ ಮಾಡುತ್ತೇನೆ ಎಂದರು. ಬಡಗಿ ಉಳಿ ಹಿಡಿದು ನಿಂತ. ಯೋಸೇಫನೇ ಬಡಗಿ, ಇನ್ನೇನು ಬೇಕು. ಮೀನಿನಂಗಡಿಯವನಿಗೆ ಅಪೊಸ್ತಲರು ಸಾಲುಸಾಲಾಗಿ ಸಿಕ್ಕರು. ಮಡಕೆ ಮಾರುವವಳಿಗೆ ಪ್ರವಾದಿ ಕಂಡ ಕುಂಬಾರ ಸಿಕ್ಕ. ಕತ್ತರಿ, ಟೇಪು ಹಿಡಿದು ನಿಂತ ಅತ್ತಿಗೆಗೆ ವಿಧವೆಯರಿಗೆ ಅಂಗಿ ಹೊಲಿದುಕೊಟ್ಟ ಪುಣ್ಯಾತ್ಗಿತ್ತಿ ಸಿಕ್ಕಳು. ಕೊನೆಗೆ ಸುಮ್ಮಣ್ಣ ಕ್ಷೌರದ ಕತ್ತಿ ಹಿಡಿದು ನಿಂತ. ಪಾದ್ರಿಗಳು ಅವನನ್ನು ನೋಡಿದರು, ಸೂರನ್ನು ನೋಡಿದರು, ಒಮ್ಮೆ ಕೆಮ್ಮಿದರು.

"ದೇವರು ನಮ್ಮ ತಲೆಗೂದಲನ್ನೂ ಎಣಿಸಿಟ್ಟಿದ್ದಾನೆ," ಎಂದರು.

"ಎಣಿಸಿಟ್ಟಿದ್ದನ್ನ ಇವರು ಕತ್ತರಿಸಿ ಲೆಕ್ಕ ತಪ್ಪಿಸ್ತಾರೆ," ಎಂದು ಬಡಗಿ ಪಿಸುಗುಟ್ಟಿದ. ಪಿಸುಗುಟ್ಟಿದ್ದು ಎಂಥದೆಂದರೆ, ಹಿಂದಿನ ಬೆಂಚಿನವರೆಗೂ ನಗು ಹೋಯಿತು.

ಈ ಬಡಗಿ ಹೊರಗಿನವನಲ್ಲ, ಅತ್ತಿಗೆಯ ಒಡಹುಟ್ಟಿದ ಅಣ್ಣ. ಸುಮ್ಮಣ್ಣನಿಗೆ ಭಾವ. ದಪ್ಪ ಮೀಸೆ, ಅದಕ್ಕಿಂತ ದಪ್ಪ ದನಿ. ಚರ್ಚು ಬಿಟ್ಟು ಹೊರಗೆ ಬಂದ ಮೇಲೂ ಬಿಡಲಿಲ್ಲ.

"ಪಾದ್ರಿಗಳು ಮರೆತರು ಭಾವಾ. ನಿಮ್ಮವನೂ ಒಬ್ಬ ಇದ್ದಾನೆ ಬೈಬಲ್ಲಲ್ಲಿ. ಸಂಸೋನ ಮಲಗಿದ್ದಾಗ ಬಂದು ತಲೆ ಬೋಳಿಸಿ ಹೋದನಲ್ಲ, ಅವನೇ!"

ಸುತ್ತ ನಿಂತವರು ನಕ್ಕರು. ಅತ್ತಿಗೆಯೂ ನಕ್ಕಳು. ಸುಮ್ಮಣ್ಣ ನಗಲಿಲ್ಲ. ಕತ್ತಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಮನೆಗೆ ನಡೆದ. ಆದರೆ ಆ ಮಾತು ಅವನಿಗೆ ಕಾಲರಿನೊಳಗೆ ಸೇರಿದ ಕೂದಲಿನ ಚೂರಿನಂತಾಯಿತು. ಹೊತ್ತುಹೊತ್ತಿಗೂ ಚುಚ್ಚುತ್ತಿತ್ತು.

ಅಂಗಡಿಗೆ ವಾರಕ್ಕೊಮ್ಮೆ ಗಡ್ಡದ ಮೇಷ್ಟ್ರು ಬರುತ್ತಿದ್ದರು. ಪಾದ್ರಿಗಳಾಗುವವರಿಗೆ ಹೀಬ್ರೂ ಭಾಷೆ ಕಲಿಸಿ ನಿವೃತ್ತರಾದವರು. ಎದೆಯವರೆಗೆ ಬಿಳಿ ಗಡ್ಡ. ಅದನ್ನು ಬೋಳಿಸುವ ಹಾಗಿಲ್ಲ, ಅಂಚು ಸವರಿ ಕೊಡಬೇಕು, ಅಷ್ಟೇ. ಆ ವಾರವೂ ಅವರು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ್ದರು. ಸುಮ್ಮಣ್ಣ ಕತ್ತರಿ ಎತ್ತಿದವನು ಕೆಳಗಿಳಿಸಿ, ಗಂಟಲು ಸರಿಮಾಡಿಕೊಂಡ. ಗೋಡೆಯ ಆಚೆ ಮಿಷನ್ನು ನಿಂತೇಬಿಟ್ಟಿತು. ಗಂಡ ಕೆಮ್ಮಿದ್ದಲ್ಲ, ಮಾತಾಡಲು ಹೊರಟಿದ್ದಾನೆ ಎಂದು ಅತ್ತಿಗೆಗೆ ಗೊತ್ತಾಗಿತ್ತು.

"ಮೇಷ್ಟ್ರೇ, ಬೈಬಲ್ಲಲ್ಲಿ ನಮ್ಮ ಕಸುಬಿನೋನು ಒಬ್ಬನೂ ಇಲ್ವಾ? ಸಂಸೋನನ ಕತೆ ಬಿಟ್ಟು."

ಮೇಷ್ಟ್ರು ಕಣ್ಣು ತೆರೆದರು. "ಇದ್ದಾನೆ. ಒಂದು ಕಡೆ. ಒಂದೇ ಒಂದು ಕಡೆ."

"ಏನಂತಾರೆ ಅವನಿಗೆ?"

"ಗಲ್ಲಾಬ್."

ಸುಮ್ಮಣ್ಣ ಆ ಪದವನ್ನು ಬಾಯೊಳಗೇ ಒಮ್ಮೆ ಹೊರಳಿಸಿಕೊಂಡ.

"ಯೆಹೆಜ್ಕೇಲ ಅಂತ ಪ್ರವಾದಿ. ಸೆರೆಯಾಳಾಗಿ ಬಾಬೆಲ್ ದೇಶಕ್ಕೆ ಹೋದವನು. 'ಗಲ್ಲಾಬರ ಕತ್ತಿ' ಅಂತ ಬರುತ್ತೆ ಅವನ ಬಾಯಲ್ಲಿ," ಎಂದರು ಮೇಷ್ಟ್ರು. "ಇಡೀ ಹೀಬ್ರೂ ಬೈಬಲ್ಲನ್ನ ಜಾಲಾಡಿದ್ರೂ ಇನ್ನೊಂದು ಕಡೆ ಆ ಪದ ಸಿಗೋದಿಲ್ಲ."

"ಒಂದೇ ಸಲ ಬಂದಿದ್ರೆ ಅದು ನಾವೇ ಅಂತ ಹೇಗೆ ಗೊತ್ತಾಯ್ತು?"

ಮೇಷ್ಟ್ರು ಸೆಟೆದು ಕೂತರು. ಪಾಠ ಹೇಳಿ ವರ್ಷಗಳಾಗಿದ್ದ ಮನುಷ್ಯನಿಗೆ ಕೊರಳಿಗೆ ಬಟ್ಟೆ ಸುತ್ತಿ ಕೂರಿಸಿ ಯಾರಾದರೂ ಪ್ರಶ್ನೆ ಕೇಳಿದರೆ ಹೇಗಾಗಬೇಡ!

"ಒಳ್ಳೇ ಪ್ರಶ್ನೆ. ನೂರು ಕಡೆ ಬರೋ ಪದ ಆದ್ರೆ ಅಲ್ಲಿಟ್ಟು ನೋಡಿ, ಇಲ್ಲಿಟ್ಟು ನೋಡಿ ಅರ್ಥ ಹಿಡೀಬಹುದು. ಒಂಟಿ ಪದಕ್ಕೆ ಆ ಅನುಕೂಲ ಇಲ್ಲ. ನಿಮ್ಮ ಬೀದಿಗೆ ಗೊತ್ತಿಲ್ಲದ ಒಬ್ಬ ಬಂದು ನಿಂತರೆ ನೀನು ಏನು ಮಾಡ್ತೀಯ? ಅಕ್ಕಪಕ್ಕದೋರನ್ನ ಕೇಳ್ತೀಯ. ಹಾಗೇ ಇದು. ಬಾಬೆಲಿನವರ ಭಾಷೇಲಿ ಕ್ಷೌರಿಕನಿಗೆ ಗಲ್ಲಾಬು ಅಂತಾರೆ. ಸರಿ, ನೆಂಟರು ಸಿಕ್ಕಿದ್ರು. ಇನ್ನು ಯಾರ ಜೊತೆ ಓಡಾಡ್ತಾನೆ ಅಂತ ನೋಡು. ಪಕ್ಕದಲ್ಲಿ ಕತ್ತಿ. ಮುಂದೆ ತಲೆ. ಅದರ ಮುಂದೆ ಗಡ್ಡ. ಇವುಗಳ ಮಧ್ಯೆ ನಿಂತವನು ಇನ್ಯಾರಾಗಿರ್ತಾನೆ? ಬಡಗಿಯೇನು?"

"ಬಡಗಿ ಅಲ್ಲ," ಎಂದ ಸುಮ್ಮಣ್ಣ. ಆ ಎರಡು ಪದದಲ್ಲಿ ಅವನಿಗೆ ಸಿಕ್ಕಿದ ಸಂತೋಷವನ್ನು ಏನೆಂದು ಹೇಳಲಿ. ಆಮೇಲೆ ಮೇಷ್ಟ್ರ ಕೆನ್ನೆಯನ್ನೇ ದಿಟ್ಟಿಸಿದ. ಮುಖ ಅರಳಿತು. "ಅರ್ಥ ಆಯ್ತು ಮೇಷ್ಟ್ರೇ! ಗಲ್ಲ ಹಿಡ್ಕೊಂಡು ಕೆಲಸ ಮಾಡೋನು. ಅದಕ್ಕೇ ಗಲ್ಲಾಬ್!"

"ಅಲ್ಲಪ್ಪಾ, ಅಲ್ಲ! ನಮ್ಮ ಗಲ್ಲಕ್ಕೂ ಆ ಗಲ್ಲಾಬಿಗೂ ಯಾವ ನಂಟೂ ಇಲ್ಲ. ಕಿವಿಗೆ ಹಾಗೆ ಕೇಳುತ್ತೆ, ಅಷ್ಟೇ."

"ಇಲ್ಲದೆ ಇರುತ್ತಾ ಮೇಷ್ಟ್ರೇ," ಎಂದ ಸುಮ್ಮಣ್ಣ, ತಿಳಿಯದವರನ್ನು ಸಮಾಧಾನ ಮಾಡುವ ದನಿಯಲ್ಲಿ. ಆ ದಿನ ಮೇಷ್ಟ್ರ ಗಡ್ಡ ಎಡಕ್ಕೆ ಒಂಚೂರು ವಾಲಿಕೊಂಡೇ ಮನೆಗೆ ಹೋಯಿತು.

ಅಲ್ಲಿಂದ ಶುರುವಾಯಿತು. ಅಷ್ಟು ವರ್ಷ ಹಿಡಿದಿಟ್ಟ ಮಾತೆಲ್ಲ ಒಂದೇ ಪದದ ಬಾಗಿಲಿನಿಂದ ನುಗ್ಗಿ ಬಂತು. ಗಿರಾಕಿ ಕೂತು ಕೊರಳಿಗೆ ಬಟ್ಟೆ ಸುತ್ತಿಸಿಕೊಂಡ ಮೇಲೆ ಎದ್ದು ಓಡುವ ಹಾಗಿಲ್ಲ. ಸುಮ್ಮಣ್ಣ ನೊರೆ ಹಚ್ಚುತ್ತಾ ಕೇಳುತ್ತಿದ್ದ: "ಇಡೀ ಬೈಬಲ್ಲಲ್ಲಿ ಒಂದೇ ಸಲ ಬರೋ ಕಸುಬು ಯಾವುದು ಹೇಳಿ?" ಬಾಯಿ ತೆರೆದರೆ ಸೋಪು ಒಳಗೆ ಹೋಗುತ್ತದೆ, ಗಿರಾಕಿ ಹೂಂ ಎನ್ನುತ್ತಿದ್ದ. "ನಮ್ಮದು! ಯಾಕೆ ಒಂದೇ ಸಲ? ಬೆಲೆಯುಳ್ಳದ್ದನ್ನ ಯಾರೂ ಚೆಲ್ಲಾಡೋದಿಲ್ಲ." ಕತ್ತಿ ಗಂಟಲಿನ ಮೇಲೆ ಬಂದಾಗ ಅವನು ಕೇಳಿದ್ದಕ್ಕೆಲ್ಲ ಜನ ಒಪ್ಪಿಕೊಳ್ಳುತ್ತಿದ್ದರು. ಇದರಿಂದ ಅವನಿಗೆ ತನ್ನ ವಾದದ ಮೇಲೆ ನಂಬಿಕೆ ಇನ್ನೂ ಬಲವಾಯಿತು.

ಅಂಗಡಿಗೆ ಅಲ್ಲಿಯವರೆಗೆ ಬೋರ್ಡೇ ಇರಲಿಲ್ಲ. ಈಗ ಬೇಕಾಯಿತು. ಬೋರ್ಡು ಬರೆಯುವವನನ್ನು ಕರೆಸಿ, "ಗಲ್ಲಾಬ್ ಕಟಿಂಗ್ ಶಾಪ್ ಅಂತ ಬರಿ," ಎಂದು ಹೇಳಿ ಒಳಗೆ ಹೋದ. ಬಂದು ನೋಡಿದರೆ "ಗುಲಾಬ್ ಕಟಿಂಗ್ ಶಾಪ್" ಎಂದಿದೆ, ಪಕ್ಕದಲ್ಲಿ ಎಲೆ, ಮುಳ್ಳು ಸಮೇತ ಕೆಂಪು ಗುಲಾಬಿ.

"ಗುಲಾಬ್ ಅಲ್ಲಯ್ಯಾ, ಗಲ್ಲಾಬ್!"

"ನೀವು ಹೇಳುವಾಗ ತಪ್ಪಿದಿರಿ ಅಂತ ನಾನೇ ಸರಿ ಮಾಡಿದೆ."

"ನಾನು ತಪ್ಪಿಲ್ಲ."

"ಹಂಗಾದ್ರೆ ಆ ಪದ ಇಲ್ಲ ಬಿಡಿ," ಎಂದ ಬೋರ್ಡಿನವನು. "ಇಷ್ಟು ವರ್ಷದಿಂದ ಬೋರ್ಡು ಬರೀತಿದೀನಿ, ಎಲ್ಲೂ ಬಂದಿಲ್ಲ."

"ಒಂದೇ ಸಲ ಬಂದಿದೆ," ಎಂದು ಸುಮ್ಮಣ್ಣ ಅವನನ್ನೂ ಕೂರಿಸಿ ಶುರು ಮಾಡಿದ.

ಕತೆಯಿಂದ ತಪ್ಪಿಸಿಕೊಂಡರೆ ಸಾಕೆಂದು ಬೋರ್ಡಿನವನು 'ಗು'ವನ್ನು 'ಗ' ಮಾಡಿದ, 'ಲಾ'ಗೆ ಒತ್ತು ಕೊಟ್ಟ. ಗುಲಾಬಿ ಮಾತ್ರ ಅಳಿಸಲು ಬರಲಿಲ್ಲ, ಬಣ್ಣ ಕಚ್ಚಿಕೊಂಡಿತ್ತು. "ಗಲ್ಲ ಅಂದ್ರಲ್ಲ, ಗಲ್ಲಾನೇ ಮಾಡ್ತೀನಿ," ಎಂದು ಹೂವಿನ ಸುತ್ತ ಮೂಗು, ಕಿವಿ, ಬಾಯಿ ಬರೆದ. ಎಲೆಗಳು ಕೂದಲಾದವು. ಬೋರ್ಡಿನ ಮೇಲೆ ಈಗ ಒಂದು ಗಲ್ಲ ಮಾತ್ರ ಕೆಂಪಗೆ, ಗುಂಡಗೆ ಊದಿಕೊಂಡ ಒಬ್ಬ ಮನುಷ್ಯನ ಮುಖವಿತ್ತು.

ಬೋರ್ಡು ಏರಿದ ಕೆಲವೇ ದಿನಕ್ಕೆ ಅಪರಿಚಿತನೊಬ್ಬ ಬಂದ. ದವಡೆಯಿಂದ ನೆತ್ತಿಗೆ ಮಫ್ಲರ್ ಕಟ್ಟಿಕೊಂಡಿದ್ದ. ಕುರ್ಚಿಯಲ್ಲಿ ಬಿದ್ದವನೇ ತಲೆ ಹಿಂದಕ್ಕೆ ಹಾಕಿ ಬಾಯಿ ಅಗಲಿಸಿದ. ಸುಮ್ಮಣ್ಣ ಮಫ್ಲರ್ ಬಿಚ್ಚಿ, ಬಾಯನ್ನು ಮೆಲ್ಲಗೆ ಮುಚ್ಚಿ, ಬ್ರಷ್ಷಿನಿಂದ ನೊರೆ ಹಚ್ಚಿದ. ಇದು ನೋವು ಗೊತ್ತಾಗದ ಹಾಗೆ ಮಾಡುವ ಔಷಧಿ ಇರಬೇಕೆಂದು ಆ ಮನುಷ್ಯ ತಡೆದುಕೊಂಡ. ಸುಮ್ಮಣ್ಣ ಪ್ರವಾದಿ, ಸೆರೆ, ಬಾಬೆಲ್ ಎಲ್ಲ ಹೇಳುತ್ತಾ ಚರ್ಮದ ಪಟ್ಟಿಯ ಮೇಲೆ ಕತ್ತಿ ತೀಡಿದ. ಡಾಕ್ಟರು ದೈವಭಕ್ತರು, ಹಲ್ಲು ಕೀಳುವ ಮೊದಲು ಪ್ರಾರ್ಥನೆ ಮಾಡುತ್ತಾರೆ ಎಂದು ಅದನ್ನೂ ತಡೆದುಕೊಂಡ. ಕತ್ತಿ ಫಳಕ್ಕೆಂದಾಗ ಮಾತ್ರ ಕುರ್ಚಿಯಿಂದ ಚಿಮ್ಮಿದ.

"ಹಲ್ಲು ಕೀಳೋಕೆ ಕತ್ತಿ ಯಾಕ್ರೀ!"

"ಯಾವ ಹಲ್ಲು?"

"ಹಲ್ಲಿನ ಡಾಕ್ಟ್ರು ಆಚೆ ಬೀದಿ!" ಗೋಡೆಯ ಆಚೆಯಿಂದ ಅತ್ತಿಗೆ ಕೂಗಿದಳು. "ಇವರು ಬರೀ ತಲೆ ತಿನ್ನೋರು!"

ಆ ಮನುಷ್ಯ ಅರ್ಧ ಮುಖಕ್ಕೆ ನೊರೆ ಹೊತ್ತುಕೊಂಡೇ ಬೀದಿ ದಾಟಿ ಓಡಿದ. ಒಂದು ಕೈ ಗಲ್ಲದ ಮೇಲೆ, ಇನ್ನೊಂದರಲ್ಲಿ ಮಫ್ಲರ್.

ನಕ್ಕು ಸುಮ್ಮನಾಗುವ ವಿಷಯ ಇದಾಗಿರಲಿಲ್ಲ. ನಿಜವಾದ ಗಿರಾಕಿಗಳೂ ಓಡತೊಡಗಿದ್ದರು. ನಿದ್ದೆಗೆಂದು ಬಂದವರಿಗೆ ಪಾಠ ಹೇಳಿದರೆ ಯಾರು ಬರುತ್ತಾರೆ? ಅಂಚೆಯಣ್ಣ ಬೇರೆ ಅಂಗಡಿ ಹಿಡಿದ. ಅಲ್ಲಿ ರೇಡಿಯೋ ಗದ್ದಲ ಇದ್ದರೂ ಹೂಂ ಅನ್ನಬೇಕಾಗಿರಲಿಲ್ಲ.

"ರೀ," ಎಂದಳು ಅತ್ತಿಗೆ ಒಂದು ಮಧ್ಯಾಹ್ನ, ಖಾಲಿ ಕುರ್ಚಿಯಲ್ಲಿ ತಾನೇ ಕೂತು. "ನೀವು ಮಾತಾಡಲಿ ಅಂತ ನಾನು ಎಷ್ಟು ಹರಕೆ ಹೊತ್ತಿದ್ದೆ. ಅದ್ಯಾಕೆ ದೇವರು ಒಂದೇ ಪದ ಕೊಟ್ಟ?"

"ಒಂದೇ ಸಲ ಬರೋ ಪದ," ಎಂದು ಸುಮ್ಮಣ್ಣ ತಿದ್ದಿದ.

ಮರುವರ್ಷ ಆ ಕಸುಬಿನ ಭಾನುವಾರ ಮತ್ತೆ ಬಂತು. ಸುಮ್ಮಣ್ಣ ಮೊದಲೇ ಹೋಗಿ ಪಾದ್ರಿಗಳನ್ನು ಹಿಡಿದ. ಈ ಸಲ ಯೆಹೆಜ್ಕೇಲನ ಆ ಅಧ್ಯಾಯ ಓದಿಸಬೇಕು, ಅದೂ ತಾನೇ ಓದಬೇಕು. ಪಾದ್ರಿಗಳು ಹಿಂದೆಮುಂದೆ ನೋಡಿದರು. "ಆ ಅಧ್ಯಾಯ ಪೂರ್ತಿ ಓದಿದ್ದೀರಾ?" ಎಂದು ಕೇಳಿದರು. ಸುಮ್ಮಣ್ಣ ಹೂಂ ಎಂದ. ಓದಿದ್ದೇನೋ ನಿಜ, ಮೊದಲ ವಾಕ್ಯವನ್ನು. ಅದನ್ನೇ ದಿನಾ ಓದುತ್ತಿದ್ದ. ತನ್ನವನು ಸಿಕ್ಕಿದ ಮೇಲೆ ಮುಂದಕ್ಕೆ ಯಾಕೆ ಹೋಗಬೇಕು?

ಭಾನುವಾರ ಅತ್ತಿಗೆ ಇಸ್ತ್ರಿ ಮಾಡಿಕೊಟ್ಟ ಕೋಟು ಹಾಕಿಕೊಂಡು ಓದುವ ಪೀಠಕ್ಕೆ ಏರಿದ. ದೇವರು ಪ್ರವಾದಿಗೆ ಹೇಳುತ್ತಾನೆ: ಹರಿತವಾದ ಕತ್ತಿ ತೆಗೆದುಕೋ, ಕ್ಷೌರಿಕನ ಕತ್ತಿಯ ಹಾಗೆ ಅದನ್ನು ನಿನ್ನ ತಲೆಯ ಮೇಲೂ ಗಡ್ಡದ ಮೇಲೂ ಆಡಿಸು. "ಕ್ಷೌರಿಕ" ಎಂದಿದ್ದ ಕಡೆ ಸುಮ್ಮಣ್ಣ ಗಟ್ಟಿಯಾಗಿ "ಗಲ್ಲಾಬ್" ಎಂದ, ತಲೆ ಎತ್ತಿ ಭಾವನ ಕಡೆ ನೋಡಿದ. ಬಡಗಿ ಮೀಸೆ ಸವರಿಕೊಂಡ. ಸುಮ್ಮಣ್ಣ ಆ ವಾಕ್ಯವನ್ನು ಇನ್ನೊಮ್ಮೆ ಓದಿದ. ಅಲ್ಲಿಗೆ ಇಳಿಯಬಹುದಿತ್ತು. ಆದರೆ ಎಲ್ಲರೂ ಮುಂದಿನದಕ್ಕೆ ಕಾಯುತ್ತಿದ್ದರು.

ಮುಂದೆ, ಬೋಳಿಸಿದ ಕೂದಲನ್ನು ತಕ್ಕಡಿಯಲ್ಲಿ ತೂಗಿ ಪಾಲು ಮಾಡಬೇಕು. ಒಂದು ಪಾಲನ್ನು ಸುಡಬೇಕು, ಒಂದು ಪಾಲನ್ನು ಕತ್ತಿಯಿಂದ ಹೊಡೆಯಬೇಕು, ಇನ್ನೊಂದನ್ನು ಗಾಳಿಗೆ ತೂರಬೇಕು. ಸುಮ್ಮಣ್ಣನ ದನಿ ಸ್ವಲ್ಪ ಇಳಿಯಿತು. ಆ ಕೂದಲೆಲ್ಲ ಒಂದು ಪಟ್ಟಣದ ಜನರಂತೆ. ಒಂದು ಪಾಲು ರೋಗದಿಂದ, ಬರದಿಂದ ಸಾಯುತ್ತದೆ, ಒಂದು ಪಾಲು ಕತ್ತಿಗೆ ಬೀಳುತ್ತದೆ, ಒಂದು ಪಾಲು ದಿಕ್ಕಾಪಾಲಾಗುತ್ತದೆ. ದನಿ ಇನ್ನೂ ಇಳಿಯಿತು. ತಂದೆಯರು ಮಕ್ಕಳನ್ನು ತಿನ್ನುವಲ್ಲಿಗೆ ಬರುವಾಗ ಅದು ಮುಂದಿನ ಬೆಂಚಿಗೂ ಕೇಳಿಸುತ್ತಿರಲಿಲ್ಲ. ಕಸುಬಿನ ಆಶೀರ್ವಾದಕ್ಕೆಂದು ಬಂದ ಮೀನಿನಂಗಡಿಯವನು ಶಿಲುಬೆಯ ಗುರುತು ಹಾಕಿಕೊಂಡ. ಪಾದ್ರಿಗಳು ಮೆಲ್ಲನೆ ಎದ್ದು ಬಂದು ಪುಸ್ತಕ ಮುಚ್ಚಿದರು.

ಹೊರಗೆ ಭಾವ ಕಾದಿದ್ದ.

"ಅಲ್ಲ ಭಾವಾ, ನಾನು ಸರಿಯಾಗಿ ಕೇಳಿಸ್ಕೊಂಡ್ನಾ? ಅಲ್ಲಿ ಗಲ್ಲಾಬ್ ಬರೋದೇ ಇಲ್ವಲ್ಲ! ಪ್ರವಾದಿ ತಾನೇ ಕತ್ತಿ ತಗೊಂಡು ತಾನೇ ಬೋಳಿಸ್ಕೊಂಡ. ಇಡೀ ಬೈಬಲ್ಲಲ್ಲಿ ಒಂದ್ಸಲ ನಿಮ್ಮ ಹೆಸರು ಬಂತು, ಆವಾಗ್ಲೂ ಗಿರಾಕಿ ಮನೇಲೇ ಮಾಡ್ಕೊಂಡ!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಈ ಸಲ ಅತ್ತಿಗೆ ನಗಲಿಲ್ಲ. ಗಂಡನ ಮುಖ ನೋಡಿದಳು, ಅಣ್ಣನ ಮುಖ ನೋಡಿದಳು. "ಇನ್ನು ನಿನ್ನ ಈ ಮೀಸೆ ಹೊತ್ತುಕೊಂಡು ನಮ್ಮ ಅಂಗಡಿ ಕಡೆ ಬಂದೀಯ, ಜೋಕೆ!" ಎಂದು ಹೇಳಿ ಗಂಡನ ತೋಳು ಹಿಡಿದು ಕರೆದೊಯ್ದಳು.

ಸುಮ್ಮಣ್ಣ ಮತ್ತೆ ಸುಮ್ಮನಾದ. ಹಿಂದಿನ ಸುಮ್ಮನೆಯೇ ಬೇರೆ, ಇದೇ ಬೇರೆ. "ಕಟಿಂಗಾ, ಶೇವಿಂಗಾ" ಕೂಡ ನಿಂತಿತು. ಕೂತವರ ತಲೆ ನೋಡಿ ತಾನೇ ತೀರ್ಮಾನಿಸುತ್ತಿದ್ದ. "ನೋಡಿ" ಎನ್ನದೆ ಕನ್ನಡಿ ಹಿಡಿಯುತ್ತಿದ್ದ. ಸುದ್ದಿ ತಿಳಿದು ಹಳೆಯ ಗಿರಾಕಿಗಳೆಲ್ಲ ಸಂತೋಷದಿಂದ ಮರಳಿ ಬಂದರು. ಅಂಚೆಯಣ್ಣ ಬಂದ ದಿನವೇ ಗಾಢ ನಿದ್ದೆ ಮಾಡಿದ. ಅಂಗಡಿ ತುಂಬಿತು, ಮನೆ ಖಾಲಿಯಾಯಿತು. ಅತ್ತಿಗೆ ಬೆಳಗ್ಗೆ ಕೇಳಿದ ಪ್ರಶ್ನೆ ಸಂಜೆಯವರೆಗೂ ಅಡುಗೆಮನೆಯಲ್ಲೇ ಬಿದ್ದಿರುತ್ತಿತ್ತು, ಉತ್ತರ ಎತ್ತಿಕೊಳ್ಳುವವರಿರಲಿಲ್ಲ. ಕೊನೆಗೆ ಅವಳು ಹೊಲಿಗೆ ಬಿಟ್ಟು ಎದ್ದು ನೆಟ್ಟಗೆ ಮೇಷ್ಟ್ರ ಮನೆಗೆ ಹೋದಳು.

"ಮೇಷ್ಟ್ರೇ, ನೀವು ಕೊಟ್ಟ ಪದ ವಾಪಸ್ ತಗೊಳ್ಳಿ."

ಮೇಷ್ಟ್ರು ಕಾಫಿ ಕುಡಿಯುತ್ತಿದ್ದರು. ವಿಷಯ ಕೇಳಿ ಲೋಟ ಕೆಳಗಿಟ್ಟರು. "ಇದ್ದಾನಾ ಅಂತ ಕೇಳಿದ, ಇದ್ದಾನೆ ಅಂದೆ. ಏನು ಮಾಡಿದ ಅಂತ ಅವನು ಕೇಳಲೇ ಇಲ್ಲಮ್ಮಾ."

"ಕೇಳದೆ ಇದ್ದದ್ದನ್ನ ಹೇಳೋಕೇ ಅಲ್ವಾ ಮೇಷ್ಟ್ರು ಅಂತ ಇರೋದು?"

ಮೇಷ್ಟ್ರು ಎದ್ದರು. ಚಪ್ಪಲಿ ಮೆಟ್ಟಿ ಅವಳ ಹಿಂದೆಯೇ ಹೊರಟರು.

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಸುಮ್ಮಣ್ಣ ಬ್ರಷ್ಷು ತೊಳೆಯುತ್ತಿದ್ದ. ಮೇಷ್ಟ್ರು ಕುರ್ಚಿಯಲ್ಲಿ ಕೂತು, ಕನ್ನಡಿಯಲ್ಲಿ ಅವನನ್ನು ನೋಡುತ್ತಾ ಹೇಳಿದರು.

"ಪ್ರವಾದಿ ಗಲ್ಲಾಬನನ್ನ ಕರೀಲಿಲ್ಲ, ನಿಜ. ನಿಮ್ಮ ಭಾವ ಹೇಳಿದ್ದು ಸರಿ."

ಸುಮ್ಮಣ್ಣ ಬ್ರಷ್ಷು ತೊಳೆಯುತ್ತಲೇ ಇದ್ದ.

"ಆದ್ರೆ ಅವನ ಕೈಲಿದ್ದದ್ದು ಯುದ್ಧದ ಕತ್ತಿ. ಅದು ಎಷ್ಟು ಹರಿತ ಅಂತ ಹೇಳಬೇಕಿತ್ತು. ರಾಜನ ಕತ್ತಿಯಷ್ಟು ಅನ್ನಲಿಲ್ಲ, ಸೇನಾಪತಿ ಕತ್ತಿಯಷ್ಟು ಅನ್ನಲಿಲ್ಲ. ಗಲ್ಲಾಬರ ಕತ್ತಿಯಷ್ಟು ಅಂದ. ಕೇಳಿದವರಿಗೆ ಅಷ್ಟೇ ಸಾಕಾಯ್ತು. ಹಾಗಂದ್ರೆ ಯಾರಪ್ಪಾ ಅಂತ ಯಾರೂ ಕೇಳಿದ ಹಾಗಿಲ್ಲ. ಬರವಣಿಗೇಲಿ ಒಂದೇ ಸಲ ಬಂತು ಅಂದ್ರೆ ಬೀದೀಲೂ ಒಂದೇ ಸಲ ಬಂತು ಅಂತಲ್ಲ ಕಣಯ್ಯಾ. ದಿನಾ ಕರೀತಿದ್ದಿರಬೇಕು. ಇದು ನನ್ನ ಊಹೆ, ಪುಸ್ತಕದಲ್ಲಿಲ್ಲ."

ಸುಮ್ಮಣ್ಣ ಬ್ರಷ್ಷಿನ ನೀರು ಕೊಡವಿದ. ಕತ್ತರಿ ಎತ್ತಿಕೊಂಡು ಕೇಳಿದ: "ಗಡ್ಡ?"

"ಸವರಿಬಿಡು," ಎಂದರು ಮೇಷ್ಟ್ರು.

ಅತ್ತಿಗೆ ಗೋಡೆಯ ಆಚೆ ಕಣ್ಣೊರೆಸಿಕೊಂಡಳು. ಒಂದು ಪದ ಬಂದಿತ್ತು. ಎರಡನೆಯದು ಊಟದ ಹೊತ್ತಿಗೆ ಬಂತು, ಉಪ್ಪು ಕೇಳಿದ.

ಅಷ್ಟರಲ್ಲಿ ಬಡಗಿಯ ಮಗಳ ಮದುವೆ ಬಂತು. ಕರೆಯಲು ಅವನ ಹೆಂಡತಿ ಬಂದಳೇ ಹೊರತು ಅವನು ಬರಲಿಲ್ಲ. ತಂಗಿಯ ಮಾತು ಮೀರಿ ಅಂಗಡಿಗೆ ಕಾಲಿಡಲು ಮೀಸೆ ಬಿಡಲಿಲ್ಲ; ಬೇರೆ ಅಂಗಡಿಗೆ ಹೋದರೆ ಊರೆಲ್ಲ ಕೇಳುತ್ತದೆ. ಮದುವೆಯ ಬೆಳಗ್ಗೆ ಅವನೊಂದು ಉಪಾಯ ಮಾಡಿದ. "ಮರಾನೇ ನುಣ್ಣಗೆ ಮಾಡೋ ಕೈ ಇದು, ಗಲ್ಲ ಏನು ಮಹಾ," ಎಂದು ಹೆಂಡತಿಗೆ ಹೇಳಿ, ಬಚ್ಚಲುಮನೆಯ ಮಸುಕು ಕನ್ನಡಿಯ ಮುಂದೆ ತಾನೇ ಶೇವಿಂಗಿಗೆ ನಿಂತ. ಮರ ಉಸಿರಾಡುವುದಿಲ್ಲ. ಹೊರಗಿನಿಂದ ಯಾರಾದರೂ "ಅಪ್ಪಾ, ಕಾರು ಬಂತು!" ಎಂದು ಕೂಗಿದರೆ ಬೆಚ್ಚಿ ಬೀಳುವುದೂ ಇಲ್ಲ.

ಸುಮ್ಮಣ್ಣ ಮದುವೆಗೆ ಹೊರಡಲು ಅಂಗಡಿಯ ಬಾಗಿಲು ಎಳೆಯುತ್ತಿದ್ದ. ತಲೆಯಿಂದ ಕುತ್ತಿಗೆಯವರೆಗೆ ಟವೆಲು ಹೊದ್ದ ಒಂದು ಆಕೃತಿ ಗೋಡೆಗೆ ಒತ್ತಿಕೊಂಡೇ ಬಂತು.

"ಯಾರದು?" ಎಂದಳು ಅತ್ತಿಗೆ.

ಟವೆಲು ಸರಿಯಿತು. ಗಲ್ಲದ ತುಂಬ ಪೇಪರಿನ ಚೂರು ಅಂಟಿಸಿಕೊಂಡ ಮುಖ. ಮೀಸೆ ಮೂಗಿನ ಎಡಕ್ಕೆ ಭರ್ಜರಿಯಾಗಿತ್ತು. ಬಲಕ್ಕೆ ಇರಲೇ ಇಲ್ಲ.

"ಅಣ್ಣಾ!" ಎಂದು ಅತ್ತಿಗೆ ಬಾಯಿಗೆ ಸೆರಗು ತುರುಕಿಕೊಂಡು ಗೋಡೆಯ ಆಚೆ ಓಡಿದಳು. ಅಲ್ಲಿಂದ ಬಂದ ಸದ್ದು ಅಳುವೋ ನಗುವೋ ಎಂದು ಕೇಳಿದವರಿಗೆ ಹೇಳಲಾಗುತ್ತಿರಲಿಲ್ಲ.

ಸುಮ್ಮಣ್ಣ ಭಾವನನ್ನು ಕುರ್ಚಿಯಲ್ಲಿ ಕೂರಿಸಿದ. ಗಲ್ಲ ಹಿಡಿದು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಪೇಪರಿನ ಚೂರುಗಳನ್ನು ಒಂದೊಂದಾಗಿ ಬಿಡಿಸಿದ. ಬಡಗಿಗೆ ತಡೆಯಲಾಗಲಿಲ್ಲ.

"ಏನಾದ್ರೂ ಹೇಳಿ ಭಾವಾ. ಬಯ್ಯಿರಿ ಬೇಕಾದ್ರೆ."

ಸುಮ್ಮಣ್ಣ ಕನ್ನಡಿಯಲ್ಲಿ ಅವನನ್ನು ನೋಡಿದ.

"ಮನೇಲೇ ಮಾಡ್ಕೊಂಡ್ರಾ?" ಎಂದ.

ಅಷ್ಟೇ ಹೇಳಿದ್ದು. ಗಾಯಗಳಿಗೆ ಪಟಿಕ ಉಜ್ಜಿದ. ಉಳಿದರ್ಧ ಮೀಸೆಯನ್ನು ಉಳಿಸುವ ದಾರಿಯಿರಲಿಲ್ಲ, ತೆಗೆದ. ಆದರೆ ಆ ಮುಖವನ್ನು ಎಷ್ಟು ನಯವಾಗಿ, ಎಷ್ಟು ಹದವಾಗಿ ಮಾಡಿದನೆಂದರೆ ಬಡಗಿ ಕನ್ನಡಿ ನೋಡಿ ತನ್ನ ಕೈಯಿಂದ ತನ್ನ ಗಲ್ಲ ಮುಟ್ಟಿ ನೋಡಿಕೊಂಡ. ಎದ್ದು ನಿಂತು ಭಾವನ ಎರಡೂ ಕೈ ಹಿಡಿದುಕೊಂಡ. 

ಚರ್ಚಿನ ಬಾಗಿಲಲ್ಲಿ ಮದುಮಗಳು, "ಅಪ್ಪ ಎಲ್ಲಿ? ಇವರ್ಯಾರು?" ಎಂದು ಅವನ ಕೈ ಹಿಡಿಯಲು ಒಪ್ಪಲಿಲ್ಲ. ದನಿ ಕೇಳಿದ ಮೇಲೆ ನಂಬಿದಳು. ಊಟಕ್ಕೆ ಕೂತಾಗ ಬಂದವರೆಲ್ಲ ಒಂದೇ ಪ್ರಶ್ನೆ: "ಮೀಸೆಗೆ ಏನಾಯ್ತು?" ಮೊದಮೊದಲು ಅವನು ವಿವರಿಸಿದ. ಕೊನೆಗೆ ಸಾಕಾಗಿ, "ಗಲ್ಲಾಬ್ ಮಾಡ್ಕೊಂಡೆ," ಎಂದುಬಿಟ್ಟ.

ಮದುವೆಮನೆಯ ಮಾತು ಊಟ ಮುಗಿಯುವುದರೊಳಗೆ ಊರು ಸೇರಿತು. ಮಾರನೆಯ ವಾರ ಯಾರೋ ನಲ್ಲಿಯನ್ನು ತಾವೇ ರಿಪೇರಿ ಮಾಡಲು ಹೋಗಿ ಮನೆಯೆಲ್ಲ ನೀರು ತುಂಬಿಸಿಕೊಂಡರು, ಬಂದ ಪ್ಲಂಬರ್ "ಗಲ್ಲಾಬ್ ಮಾಡ್ಕೊಂಡ್ರಾ?" ಎಂದು ಕೇಳಿದ. ಮೀನಿನಂಗಡಿಯವನ ಹೆಂಡತಿ ತಾನೇ ಗೋಡೆಗೆ ಬಣ್ಣ ಹಚ್ಚಿ, ಒಣಗಿದ ಮೇಲೆ ನೋಡಿ, "ಗಲ್ಲಾಬ್ ಆಯ್ತು," ಎಂದು ಹಣೆ ಚಚ್ಚಿಕೊಂಡಳು. ಬಲ್ಲವರನ್ನು ಕರೆಯದೆ ತಾನೇ ಮಾಡಲು ಹೋಗಿ ಕೆಡಿಸಿಕೊಂಡರೆ ಅದಕ್ಕೆ ನಮ್ಮ ಬೀದಿಯಲ್ಲಿ ಒಂದು ಪದ ಸಿಕ್ಕಿತು. ಹೀಬ್ರೂ ಪದ ಎಂದು ಅದನ್ನು ಆಡುವವರಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ.

ಸುಮ್ಮಣ್ಣನಿಗೆ ಸಂಕಟವಾಯಿತು. ಗಡ್ಡ ಸವರುವಾಗ ಮೇಷ್ಟ್ರಲ್ಲಿ ಹೇಳಿಕೊಂಡ.

"ಅರ್ಥಾನೇ ಕೆಡಿಸಿಬಿಟ್ರು ಮೇಷ್ಟ್ರೇ. ನೀವಾದ್ರೂ ಒಂದು ಮಾತು ಹೇಳಿ."

ಮೇಷ್ಟ್ರು ಗಡ್ಡ ಅಲುಗಾಡುವಂತೆ ನಕ್ಕರು. ಸುಮ್ಮಣ್ಣ ಕತ್ತರಿ ದೂರ ಹಿಡಿದು ಕಾದ. "ಯಾರಿಗಂತ ಹೇಳಲಿ? ಆ ಒಂದು ಕಡೆ ಬಿಟ್ಟರೆ ಎಲ್ಲೂ ಬಾರದ ಪದ. ಈಗ ನೋಡು, ಪ್ಲಂಬರ್ ಬಾಯಲ್ಲಿ ಆಡ್ತಿದೆ. ನಾನು ಅಷ್ಟು ವರ್ಷ ಪಾಠ ಹೇಳಿದೆ, ನನ್ನ ಒಬ್ಬ ವಿದ್ಯಾರ್ಥಿ ಬಾಯಲ್ಲೂ ಪರೀಕ್ಷೆ ಮುಗಿದ ಮೇಲೆ ಒಂದು ಪದ ಉಳೀಲಿಲ್ಲ."

ಇದು ಹೊಗಳಿಕೆಯೋ ಅಲ್ಲವೋ ಎಂದು ಸುಮ್ಮಣ್ಣನಿಗೆ ಸರಿಯಾಗಿ ತಿಳಿಯಲಿಲ್ಲ. ಬೋರ್ಡನ್ನು ಮಾತ್ರ ಇಳಿಸಲಿಲ್ಲ. ಮಾತು ಈಗ ಅವನಲ್ಲಿ ಹದಕ್ಕೆ ಬಂದಿತ್ತು: ಎಚ್ಚರವಾಗಿರುವವರ ಜೊತೆ ನಾಲ್ಕು ಮಾತು, ನಿದ್ದೆ ಬಂದವರಿಗೆ ಟವೆಲು.

ಮೊನ್ನೆ ನಾನು ಸರದಿಗೆ ಕಾಯುತ್ತಾ ಬೆಂಚಿನ ಮೇಲೆ ಕೂತಿದ್ದೆ. ಕುರ್ಚಿಯಲ್ಲಿ ಅಂಚೆಯಣ್ಣ ಗೊರಕೆ ಹೊಡೆಯುತ್ತಿದ್ದ. ಗೋಡೆಯ ಆಚೆ ಮಿಷನ್ನು ಓಡುತ್ತಾ ಓಡುತ್ತಾ ತಟ್ಟನೆ ನಿಂತಿತು.

"ಥೂ! ಎಡಗಡೆ ತೋಳನ್ನ ಬಲಗಡೆ ಹೊಲಿದುಬಿಟ್ಟೆ. ಎಲ್ಲಾ ಗಲ್ಲಾ..." ಎಂದ ಅತ್ತಿಗೆ ನಾಲಿಗೆ ಕಚ್ಚಿಕೊಂಡದ್ದು ನಮಗೆ ಇಲ್ಲಿಗೆ ಕೇಳಿಸಿತು.

ಸುಮ್ಮಣ್ಣನ ಕೈ ಗಾಳಿಯಲ್ಲೇ ನಿಂತಿತು. ಕತ್ತಿಯನ್ನು ಅಂಚೆಯಣ್ಣನ ಗಂಟಲಿನಿಂದ ದೂರ ಸರಿಸಿ ಟೇಬಲ್ಲಿನ ಮೇಲಿಟ್ಟ. ಆಮೇಲೆ ನಕ್ಕ. ಅವನು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕುದುರೆ ಕೆನೆದ ಹಾಗಿತ್ತು. ಗೋಡೆಯ ಆಚೆಯಿಂದಲೂ ನಗು ಎದ್ದಿತು. ಪ್ಲೈವುಡ್ಡು ನಡುಗಿತು.

ಅಂಚೆಯಣ್ಣ ಬೆಚ್ಚಿ ಕಣ್ಣು ಬಿಟ್ಟ. "ಏನಾಯ್ತು? ಏನಾಯ್ತು?"

"ಏನಿಲ್ಲ, ಮಲಕ್ಕೊಳ್ಳಿ," ಎಂದ ಸುಮ್ಮಣ್ಣ, ಟವೆಲು ಸರಿಮಾಡುತ್ತಾ. "ಇನ್ನೊಂದು ಗಲ್ಲ ಬಾಕಿ ಇದೆ."